ವೈರಸ್‌ಗೆ ಇಟ್ಟ ಗುರಿ ನಮಗೇ ತಗುಲಿದರೆ

ಕೇಳುಗರಿಗೆ ನಮಸ್ಕಾರ.

ವೈರಸ್ ಮೈಯೊಳಗೆ ಹೊಕ್ಕಾಗ ನಮ್ಮ ರೋಗನಿರೋಧಕ ಜೀವಕೋಶಗಳು ಅದನ್ನು ಇಡಿಯಾಗಿ ನೋಡುವುದಿಲ್ಲ. ಅದರ ಪ್ರೋಟೀನಿನ ಒಂದು ಚೂರನ್ನಷ್ಟೇ ಗುರುತು ಹಿಡಿಯುತ್ತವೆ. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ಆ ಚೂರಿನಲ್ಲಿ ಎಂಟು ಹತ್ತು ಇದ್ದರೂ ಸಾಕು. ನಮ್ಮದೇ ಪ್ರೋಟೀನೊಂದರಲ್ಲಿ ಹೆಚ್ಚುಕಡಿಮೆ ಅದೇ ರೂಪದ ಚೂರು ಇದ್ದರೆ? ವೈರಸ್ಸನ್ನು ಹಿಡಿಯಲೆಂದು ಈ ಜೀವಕೋಶಗಳು ತಯಾರಿಸಿದ ಪ್ರತಿಕಾಯ ಎಂಬ ಪ್ರೋಟೀನು ನಮ್ಮ ಆ ಚೂರಿಗೂ ಹೋಗಿ ಅಂಟಬಹುದು. ಹಗ್ಗವನ್ನು ಹಾವೆಂದು ಬಡಿದ ಹಾಗೆ.

1985ರಲ್ಲಿ ಫುಜಿನಾಮಿ ಮತ್ತು ಓಲ್ಡ್‌ಸ್ಟೋನ್ ಎಂಬ ವಿಜ್ಞಾನಿಗಳು ಇದನ್ನು ಮೊಲಗಳಲ್ಲಿ ತೋರಿಸಿದರು. ಹೆಪಟೈಟಿಸ್ ಬಿ ವೈರಸ್ಸಿನ ಒಂದು ಪ್ರೋಟೀನಿಗೂ ನರತಂತುಗಳ ಹೊದಿಕೆಯಾದ ಮೈಲಿನ್‌ನ ಪ್ರೋಟೀನಿಗೂ ಆರು ಅಮೈನೋ ಆಮ್ಲಗಳು ಸಾಲಾಗಿ ಹೊಂದುತ್ತವೆ. ಅವರು ಚುಚ್ಚಿದ್ದು ವೈರಸ್ಸನ್ನಲ್ಲ, ಆ ಪುಟ್ಟ ತುಣುಕನ್ನು ಮಾತ್ರ. ಅಷ್ಟಕ್ಕೇ ಕೆಲವು ಮೊಲಗಳ ಮಿದುಳಿನಲ್ಲಿ ಉರಿಯೂತ ಕಾಣಿಸಿತು.

ಆದರೆ ಹೋಲಿಕೆ ಸಿಕ್ಕ ಕೂಡಲೇ ರೋಗದ ಕಾರಣ ಸಿಕ್ಕಿತು ಎನ್ನಬೇಡಿ. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದ ಐದೈದರ ಜೋಡಣೆಗಳು 32 ಲಕ್ಷ ಆಗುತ್ತವೆ. ನಮ್ಮ ಪ್ರೋಟೀನುಗಳನ್ನೆಲ್ಲ ಸಾಲಾಗಿ ಇಟ್ಟರೆ ಒಂದು ಕೋಟಿಗೂ ಮೀರಿ ಅಮೈನೋ ಆಮ್ಲಗಳಿವೆ. ಹಾಗಾಗಿ ಯಾವ ವೈರಸ್ಸನ್ನು ತೆಗೆದುಕೊಂಡರೂ ಐದರ ಹೊಂದಿಕೆ ಕಾಕತಾಳೀಯವಾಗಿಯೇ ಎಷ್ಟೋ ಕಡೆ ಸಿಗುತ್ತದೆ. ಕಂಪ್ಯೂಟರಿನಲ್ಲಿ ಇಂಥ ಪಟ್ಟಿ ತೆಗೆದು ಭಯ ಹುಟ್ಟಿಸುವುದು ಸುಲಭ, ರೋಗಿಯ ದೇಹದಲ್ಲಿ ತೋರಿಸುವುದು ಕಷ್ಟ.

ಆ ಕಷ್ಟದ ಕೆಲಸ ತಕ್ಕಮಟ್ಟಿಗೆ ಆಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ, ಅಂದರೆ ಮೈಲಿನ್ ಹಾಳಾಗುವ ಕಾಯಿಲೆಯಲ್ಲಿ. ಅಮೆರಿಕದ ಸುಮಾರು ಒಂದು ಕೋಟಿ ಸೈನಿಕರ ದಾಖಲೆ ಹಾಗೂ ರಕ್ತದ ಮಾದರಿಗಳನ್ನು ಆಧರಿಸಿದ ಅಧ್ಯಯನ 2022ರ ಜನವರಿಯಲ್ಲಿ ಬಂತು. ಎಪ್ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಈ ಕಾಯಿಲೆಯ ಅಪಾಯ 32 ಪಟ್ಟು ಏರಿತ್ತು. ಅದೇ ತಿಂಗಳು ಇನ್ನೊಂದು ತಂಡ, ರೋಗಿಗಳ ಮಿದುಳುಬಳ್ಳಿಯ ದ್ರವದಲ್ಲಿ ಒಂದು ಪ್ರತಿಕಾಯ ಸಿಕ್ಕಿದ್ದನ್ನು ವರದಿ ಮಾಡಿತು. ಅದು ವೈರಸ್ಸಿನ ಇಬಿಎನ್‌ಎ-1 ಪ್ರೋಟೀನಿಗೂ ಅಂಟುತ್ತದೆ, ನರಮಂಡಲದ ಗ್ಲಯಲ್‌ಕ್ಯಾಮ್ ಪ್ರೋಟೀನಿಗೂ ಅಂಟುತ್ತದೆ. ಗ್ಲಯಲ್‌ಕ್ಯಾಮ್‌ಗೆ ಫಾಸ್ಫೇಟ್ ಸೇರಿದ್ದರಂತೂ ಹಿಡಿತ ಇನ್ನೂ ಬಿಗಿ.

ಇಷ್ಟಾದರೂ ಈ ಪ್ರತಿಕಾಯ ಎಲ್ಲ ರೋಗಿಗಳಲ್ಲೂ ಇಲ್ಲ. ಇತ್ತ, ಹತ್ತು ವಯಸ್ಕರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯೊಳಗೆ ಈ ವೈರಸ್ ಜೀವನಪೂರ್ತಿ ಸುಮ್ಮನೆ ಕುಳಿತಿರುತ್ತದೆ. ಕಾಯಿಲೆ ಬರುವುದು ಬೆರಳೆಣಿಕೆಯವರಿಗೆ. ರೋಗನಿರೋಧಕ ಜೀವಕೋಶಗಳಿಗೆ ಪ್ರೋಟೀನಿನ ಚೂರುಗಳನ್ನು ತೋರಿಸುವ ಕೆಲಸಕ್ಕೆ ಸೇರಿದ ಎಚ್‌ಎಲ್‌ಎ ಎಂಬ ಜೀನ್‌ಗಳ ಕೆಲವು ರೂಪಗಳು ಆ ಅಪಾಯವನ್ನು ಹೆಚ್ಚಿಸುತ್ತವೆ. ಈ ವೈರಸ್‌ಗೆ ಲಸಿಕೆಯ ಪ್ರಯೋಗಗಳೂ ನಡೆದಿವೆ. ಅದರಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ತಗ್ಗುತ್ತದೆಯೇ ಎಂದು ತಿಳಿಯಲು ಮಾತ್ರ ಬಹಳ ಕಾಲ ಬೇಕು, ಏಕೆಂದರೆ ಸೋಂಕಿಗೂ ಕಾಯಿಲೆಯ ಲಕ್ಷಣಗಳಿಗೂ ನಡುವೆ ವರ್ಷಗಳೇ ಕಳೆದಿರುತ್ತವೆ.

ನಮಸ್ಕಾರ.