ಊರಿನ ಹೆಸರೂ ಅದರ ಬಾಲವೂ

ಕೇಳುಗರಿಗೆ ನಮಸ್ಕಾರ. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಕೇಳಿಬರುವ ಹೆಣ್ಣುದನಿ ಯಾವುದೋ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು ಓದುತ್ತಿದೆ ಎಂದು ನೀವು ತಿಳಿದಿದ್ದರೆ, ಆ ಕಾಲ ಬಹುಮಟ್ಟಿಗೆ ಮುಗಿದಿದೆ. ಈಗ ಸಿಬ್ಬಂದಿಯವರು ಗಾಡಿ ಸಂಖ್ಯೆ, ಪ್ಲಾಟ್‌ಫಾರಂ, ವೇಳೆ ಇಷ್ಟನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಅದು ಮೊದಲೇ ಧ್ವನಿಮುದ್ರಿಸಿಟ್ಟ ಮಾತಿನ ತುಣುಕುಗಳನ್ನು ಪೋಣಿಸಿ ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ನುಡಿಸುತ್ತದೆ.

ಈ ಪೋಣಿಕೆಯ ಬಗ್ಗೆ ನನ್ನದು ಒಂದೇ ಮಾತು: ಊರಿನ ಹೆಸರನ್ನು ಅದರ ಪ್ರತ್ಯಯದೊಡನೆಯೇ ಧ್ವನಿಮುದ್ರಿಸಬೇಕು. ಇಂಗ್ಲಿಷಿನ ‘ಫ್ರಮ್’ ಹೆಸರಿನ ಮುಂದೆ ಬೇರೆಯಾಗಿ ನಿಲ್ಲುವ ಪದವಾದ್ದರಿಂದ ಒಮ್ಮೆ ಮುದ್ರಿಸಿಕೊಂಡರೆ ಯಾವ ಊರಿಗೂ ಒಗ್ಗುತ್ತದೆ. ನಮ್ಮದು ಹಾಗಲ್ಲ. ಧಾರವಾಡದಿಂದ, ಹುಬ್ಬಳ್ಳಿಯಿಂದ, ಮೈಸೂರಿನಿಂದ ಎನ್ನುವಾಗ ಒಂದೊಂದು ಊರಿಗೂ ‘ಇಂದ’ ಅಂಟಿಕೊಳ್ಳುವ ಬಗೆಯೇ ಬೇರೆ. ಹೆಸರನ್ನೂ ಬಾಲವನ್ನೂ ಬೇರೆಬೇರೆಯಾಗಿ ಮುದ್ರಿಸಿ ಹೊಲಿದರೆ ‘ಮೈಸೂರು, ಇಂದ’ ಎಂದಾಗುತ್ತದೆ.

ಇದು ವೈಯಾಕರಣರ ಗೊಣಗಾಟವೆಂದು ನಗುವವರಿಗೆ ನಾನು ಕಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಜಂಕ್ಷನ್ನಿನಲ್ಲಿ ನಸುಕಿನಲ್ಲಿ ಗಾಡಿಗಾಗಿ ಕಾದಿದ್ದೆ. ಪಕ್ಕದಲ್ಲಿ ಅವರೆಕಾಯಿಯ ಚೀಲದೊಂದಿಗೆ ಒಬ್ಬ ಅಜ್ಜಿ ಕುಳಿತಿದ್ದರು. ಮೈಸೂರಿನಲ್ಲಿರುವ ಮಗಳ ಮನೆಗೆ ಹೊರಟವರು. ಧ್ವನಿವರ್ಧಕವು ‘ಮೈಸೂರು’ ಎಂದು ಗಟ್ಟಿಯಾಗಿ ಕೂಗಿ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಮೆಲ್ಲಗೆ ‘ಇಂದ’ ಎಂದಿತು. ಅಷ್ಟರಲ್ಲಿ ಕಾಫಿ ಮಾರುವವನ ಕೂಗು ಆ ‘ಇಂದ’ವನ್ನು ನುಂಗಿಹಾಕಿತು. ಗಾಡಿ ಬಂದು ನಿಂತಿತು, ಅಜ್ಜಿ ಹತ್ತಿ ಕುಳಿತೇಬಿಟ್ಟರು. ಅದು ನಾನು ಹತ್ತಬೇಕಾದ ಗಾಡಿಯೇ ಆಗಿತ್ತು. ಮೈಸೂರಿಗೆ ಬೆನ್ನು ಹಾಕಿ ಹೋಗುವ ಗಾಡಿ. “ಇದಲ್ಲ, ಇಳೀರಮ್ಮ” ಎಂದರೆ, “ಮೈಸೂರು ಅಂತ ಕೂಗಿತಲ್ಲಪ್ಪ, ನಾನೇ ಕೇಳಿಸ್ಕೊಂಡೆ” ಎಂದು ಅವರು ನನ್ನನ್ನೇ ಅನುಮಾನದಿಂದ ನೋಡಿದರು. ಅವರು ಕೇಳಿಸಿಕೊಂಡದ್ದರಲ್ಲಿ ತಪ್ಪೇನಿತ್ತು? ಕೊನೆಗೆ ಚೀಲವನ್ನು ನಾನೇ ಕೆಳಗಿಳಿಸಿದೆ, ಚೀಲದ ಹಿಂದೆ ಅಜ್ಜಿಯೂ ಇಳಿದರು; ಗಾಡಿ ಚಲಿಸತೊಡಗಿದ್ದರಿಂದ ನಾನು ಸಿಕ್ಕ ಬೋಗಿಗೆ ಓಡಿ ಹತ್ತಿದೆ. ‘ಮೈಸೂರಿನಿಂದ’ ಎಂದು ಒಂದೇ ಉಸಿರಿನಲ್ಲಿ ಮುದ್ರಿಸಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ. ಪ್ರತಿ ಊರಿಗೂ ‘ಇಂದ’ ಒಂದು, ‘ಗೆ’ ಅಥವಾ ‘ಕ್ಕೆ’ ಒಂದು; ಮುದ್ರಿಸಲು ಹೆಚ್ಚೆಂದರೆ ಇನ್ನೊಂದೆರಡು ದಿನ ಬೇಕಾದೀತು.

ಕಥೆಗೇ ಹೆಚ್ಚು ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಗಾಡಿ ಸಂಖ್ಯೆಗಳು 2010ರ ಡಿಸೆಂಬರಿನಿಂದ ಐದಂಕಿಯವು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ 16589 ಎಂಬ ಸಂಖ್ಯೆಯನ್ನು ನಾವು ಬಾಯಲ್ಲಿ ಹೇಳುವಾಗ ಕೊನೆಯ ಒಂಬತ್ತಿನಲ್ಲಿ ಮಾತ್ರ ದನಿ ಇಳಿಯುತ್ತದೆ. ಆದ್ದರಿಂದ ಪ್ರತಿ ಅಂಕಿಗೂ ನಡುವಿನದೊಂದು, ಕೊನೆಯದೊಂದು ಎಂದು ಎರಡು ಮುದ್ರಣ ಬೇಕು. ಪ್ಲಾಟ್‌ಫಾರಂ ಸಂಖ್ಯೆಗೂ ಪ್ರತ್ಯಯ ಕೂಡಿಯೇ ಇರಬೇಕು: ‘ಮೂರಕ್ಕೆ’, ‘ಮೂರು, ಕ್ಕೆ’ ಅಲ್ಲ.

ಇನ್ನು ಧ್ವನಿವರ್ಧಕಗಳ ವಿಷಯ. ಹುಬ್ಬಳ್ಳಿಯಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ 1.5 ಕಿಲೋಮೀಟರಿಗೂ ತುಸು ಉದ್ದವಾಗಿದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಒಂದು ತುದಿಯಲ್ಲಿ ಆಡಿದ ಮಾತು ಇನ್ನೊಂದು ತುದಿಗೆ ತಲುಪಲು ನಾಲ್ಕು ಸೆಕೆಂಡಿಗಿಂತ ಹೆಚ್ಚು ಬೇಕು. ಅಂತಹ ಕಡೆ ಒಂದೆರಡು ದೊಡ್ಡ ಹಾರನ್ನುಗಳನ್ನು ಅರಚಿಸಿದರೆ ಮಾತಿನ ಮೇಲೆ ಮಾತು ಬೀಳುತ್ತದೆ. ಉದ್ದಕ್ಕೂ ಸಣ್ಣ ಸ್ಪೀಕರುಗಳನ್ನಿಟ್ಟು ತಗ್ಗಿದ ದನಿಯಲ್ಲಿ ನುಡಿಸಬೇಕು. ನಮಸ್ಕಾರ.