‘ರೋಪ್’: ಕಟ್ ಎಲ್ಲಿದೆ, ಕ್ಯಾಮೆರಾ ಏನನ್ನು ಬಿಡುತ್ತದೆ

ಆಲ್‌ಫ್ರೆಡ್ ಹಿಚ್‌ಕಾಕ್‌ನ ‘ರೋಪ್’, 1948. ಮೂಲ, ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದು 1929ರಲ್ಲಿ ರಂಗಕ್ಕೆ ಬಂದ ನಾಟಕ. ಲಂಡನ್ನಿನ ಕಥೆ ಸಿನಿಮಾದಲ್ಲಿ ನ್ಯೂಯಾರ್ಕಿನ ಫ್ಲ್ಯಾಟಿಗೆ ಬಂದಿದೆ. ಇಬ್ಬರು ಯುವಕರು ಗೆಳೆಯನ ಕೊರಳಿಗೆ ಹಗ್ಗ ಬಿಗಿದು ಕೊಂದು, ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆಯೇ ಊಟ ಜೋಡಿಸುತ್ತಾರೆ. ಉಣ್ಣಲು ಬಂದವರಲ್ಲಿ ಸತ್ತವನ ಅಪ್ಪನೂ ಇದ್ದಾನೆ.

ಇಡೀ ಸಿನಿಮಾ ಕ್ಯಾಮೆರಾ ನಿಲ್ಲಿಸದೆ ತೆಗೆದ ಒಂದೇ ಶಾಟ್ ಅಂತ ಎಷ್ಟೋ ಜನ ಹೇಳ್ತಾರೆ. ಅಲ್ಲ. ಕ್ಯಾಮೆರಾಕ್ಕೆ ಹಿಡಿಯುತ್ತಿದ್ದದ್ದು 1000 ಅಡಿ ಫಿಲ್ಮ್. ನಿಮಿಷಕ್ಕೆ 90 ಅಡಿಯಂತೆ ಸುಮಾರು 11 ನಿಮಿಷಕ್ಕೆ ಅದು ಖಾಲಿ. ಒಂಬತ್ತನೇ ನಿಮಿಷದಲ್ಲಿ ಯಾರಾದರೂ ಮಾತು ತಪ್ಪಿದರೆ ಮತ್ತೆ ಮೊದಲಿಂದ. ಬಣ್ಣದ ಚಿತ್ರ ತೆಗೆಯುವ ದೊಡ್ಡ ಟೆಕ್ನಿಕಲರ್ ಕ್ಯಾಮೆರಾ ನುಗ್ಗಲು ದಾರಿ ಬೇಕಲ್ಲ, ಅದಕ್ಕೆ ಸೆಟ್ಟಿನ ಗೋಡೆಗಳೇ ಸದ್ದಿಲ್ಲದೆ ಸರಿಯುತ್ತಿದ್ದವು.

ಕೆಲವು ಕಡೆ ಕ್ಯಾಮೆರಾ ಒಬ್ಬರ ಕೋಟಿನ ಬೆನ್ನಿಗೆ ಹೋಗಿ ಪರದೆ ಕಪ್ಪಾಗುತ್ತದೆ, ಕಟ್, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ, ಅಲ್ಲಿದೆ. ಬೆನ್ನಿನತ್ತ ಹೋಗಲು ಕಥೆಯಲ್ಲಿ ಕಾರಣವಿಲ್ಲದ್ದರಿಂದ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಟಾಕೀಸಿನ ಪ್ರೊಜೆಕ್ಟರ್ ರೀಲ್ ಬದಲಾಗುವ ಕಡೆ, ಅಂದರೆ ಸುಮಾರು 20 ನಿಮಿಷಕ್ಕೊಮ್ಮೆ, ನೇರ ಕಟ್ಟೇ ಇದೆ. ಇವು ಎಷ್ಟೋ ವಾಸಿ. ತಾನು ಹಿಂದೆ ಕೋಳಿ ಕತ್ತು ಹಿಸುಕಿದ ಮಾತು ಬಂದಾಗ ಕೊಲೆಗಾರರಲ್ಲಿ ಒಬ್ಬನಾದ ಫಿಲಿಪ್ ‘ಸುಳ್ಳು!’ ಅಂತ ಕೂಗುತ್ತಾನೆ, ತಕ್ಷಣ ಅವರ ಹಳೆಯ ಮೇಷ್ಟರ ಪಾತ್ರದಲ್ಲಿರುವ ಜೇಮ್ಸ್ ಸ್ಟುವರ್ಟ್ ಮುಖಕ್ಕೆ ಕಟ್. ಆ ಮುಖದಲ್ಲಿ ಅನುಮಾನ ಮೊಳೆಯುವುದು ನಮಗೆ ಕಾಣುತ್ತದೆ.

ಈಗ ಊಟ ಮುಗಿದ ಮೇಲಿನ ಶಾಟ್ ನೋಡಿ. ಕ್ಯಾಮೆರಾ ಅಲುಗುವುದಿಲ್ಲ. ಕೆಲಸದಾಕೆ ಮಿಸೆಸ್ ವಿಲ್ಸನ್ ಪೆಟ್ಟಿಗೆ ಮೇಲಿನ ತಟ್ಟೆ, ಮೇಣದಬತ್ತಿಯ ಕಂಬ, ಬಟ್ಟೆ ಒಂದೊಂದಾಗಿ ಒಳಗೆ ಒಯ್ಯುತ್ತಾಳೆ. ಪುಸ್ತಕಗಳನ್ನು ತಂದು ಪೆಟ್ಟಿಗೆಗೆ ತುಂಬಲು ಮುಚ್ಚಳಕ್ಕೇ ಕೈ ಹಾಕುತ್ತಾಳೆ. ಅಷ್ಟು ಹೊತ್ತೂ ಉಳಿದವರು ಬಾರದ ಹುಡುಗನ ಬಗ್ಗೆ ಮಾತಾಡುತ್ತಲೇ ಇದ್ದಾರೆ, ಆದರೆ ಹೆಚ್ಚಿನವರು ಫ್ರೇಮಿನಲ್ಲೇ ಇಲ್ಲ. ರಂಗದ ಮೇಲಾದರೆ ಮಾತಾಡುವವರೂ ಕಣ್ಣೆದುರೇ ಇರುತ್ತಿದ್ದರು, ನೋಟ ಅತ್ತ ಜಾರುತ್ತಿತ್ತು. ನಾಟಕವನ್ನು ಸಿನಿಮಾ ಮಾಡುವುದೆಂದರೆ ಹೊರಾಂಗಣ ಸೇರಿಸುವುದು ಅಂತ ನಂಬಿದವರು ಈ ಶಾಟನ್ನು ಮತ್ತೆ ಮತ್ತೆ ನೋಡಬೇಕು. ಯಾರನ್ನು ತೋರಿಸದೆ ಬಿಡಬೇಕು ಅನ್ನುವ ತೀರ್ಮಾನದಲ್ಲೇ ಇದರ ಪೂರ್ತಿ ಬಲ ಇದೆ.

ಇನ್ನು ಕಿಟಕಿಯಾಚೆ: ಅದು ಸ್ಟುಡಿಯೋದಲ್ಲಿ ಕಟ್ಟಿದ ಊರು, ಮೋಡಗಳು ಗಾಜಿನ ಎಳೆಯವು. ಕಥೆ ಸಂಜೆಯಿಂದ ರಾತ್ರಿಗೆ ಸಾಗುವಾಗ ಬೆಳಕೂ ಅಳತೆ ತಪ್ಪದೆ ಇಳಿಯಬೇಕು. ಮುಳುಗುವ ಹೊತ್ತಿನ ಕಿತ್ತಳೆ ಬಣ್ಣ ಅತಿಯಾಯಿತೆಂದು ಹಿಚ್‌ಕಾಕ್ ಕೊನೆಯ ನಾಲ್ಕೈದು ರೀಲುಗಳನ್ನು ಮತ್ತೆ ಚಿತ್ರೀಕರಿಸಿದ.