ಆರು ದಿನ, ಐದು ಮ್ಯಾಚ್, ಎರಡು ಪೀಪಾಯಿ ನೀರು

[ಕಪ್ಪು ಸ್ಕ್ರೀನ್. ಸಾಲುಗಳು ಒಂದೊಂದಾಗಿ ಬರಬೇಕು]

ನವೆಂಬರ್ 9, ಆಸ್ಟಿನ್. ಟೆಕ್ಸಾಸ್ ವಿರುದ್ಧ 12–0.
ನವೆಂಬರ್ 10, ಹ್ಯೂಸ್ಟನ್. ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10–0.
ನವೆಂಬರ್ 11, ನ್ಯೂ ಆರ್ಲಿಯನ್ಸ್. ಟುಲೇನ್ ವಿರುದ್ಧ 23–0.
ನವೆಂಬರ್ 12, ಭಾನುವಾರ. ರಜೆ.
ನವೆಂಬರ್ 13, ಬ್ಯಾಟನ್ ರೂಜ್. ಎಲ್‌ಎಸ್‌ಯು ವಿರುದ್ಧ 34–0.
ನವೆಂಬರ್ 14, ಮೆಂಫಿಸ್. ಮಿಸಿಸಿಪಿ ವಿರುದ್ಧ 12–0.

[ಪ್ರೆಸೆಂಟರ್ ಕ್ಯಾಮೆರಾ ಮುಂದೆ]

ನಮಸ್ಕಾರ. ಈಗ ನೋಡಿದ ಪಟ್ಟಿ 1899ನೇ ಇಸವಿಯದು. ಆಗಿನ್ನೂ ವಿಮಾನವೇ ಹಾರಿರಲಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಸುವಾನಿ ಅಂತ ಒಂದು ಊರು, ಗುಡ್ಡದ ಮೇಲೆ. ಅಲ್ಲಿ ಒಂದು ಸಣ್ಣ ಕಾಲೇಜು. ಹೆಸರು ಮಾತ್ರ ದೊಡ್ಡದು: ಯೂನಿವರ್ಸಿಟಿ ಆಫ್ ದಿ ಸೌತ್. ಅಲ್ಲಿಂದ ರೈಲು ಹತ್ತಿದ 21 ಹುಡುಗರು ಆರು ದಿನದಲ್ಲಿ ಐದು ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಆಡಿ ಐದನ್ನೂ ಗೆದ್ದರು. ಒಟ್ಟು 91 ಪಾಯಿಂಟ್ ಗಳಿಸಿದರು, ಒಂದೇ ಒಂದು ಪಾಯಿಂಟ್ ಕೊಡಲಿಲ್ಲ.

ಗೆದ್ದರು ಅನ್ನೋದು ಸರಿ. ಆದರೆ ನನ್ನ ತಲೆ ತಿಂದ ಪ್ರಶ್ನೆ ಬೇರೆ. ಇಂಥ ಪಟ್ಟಿಯನ್ನು ಯಾರಾದರೂ ಯಾಕೆ ಹಾಕ್ತಾರೆ? ಇವತ್ತು ಇದೇ ಆಟದಲ್ಲಿ ವಾರಕ್ಕೆ ಒಂದೇ ಮ್ಯಾಚ್. ಅದಕ್ಕೇ ಮೈ ಹಣ್ಣಾಗಿರುತ್ತೆ.

ಮೊದಲು ಆಟದ ಬಗ್ಗೆ ಬೇಗ ಹೇಳಿಬಿಡ್ತೀನಿ. ಇದು ಅಮೆರಿಕನ್ ಫುಟ್‌ಬಾಲ್. ಆದರೆ ಈಗ ಟಿವಿಯಲ್ಲಿ ಕಾಣೋ ಹಾಗೆ ಚೆಂಡನ್ನು ಮುಂದಕ್ಕೆ ಎಸೆಯೋದು ಆಗ ನಿಯಮಕ್ಕೆ ವಿರುದ್ಧ. ಚೆಂಡನ್ನು ಎದೆಗೆ ಅವುಚಿಕೊಂಡು ನುಗ್ಗಬೇಕು, ಇಲ್ಲ ಕಾಲಲ್ಲಿ ಒದೆಯಬೇಕು. ಮೂರು ಪ್ರಯತ್ನದಲ್ಲಿ 5 ಗಜ ಮುಂದೆ ಹೋಗಲೇಬೇಕು. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 5 ಪಾಯಿಂಟ್. ಒಂದೊಂದು ಅರ್ಧ 35 ನಿಮಿಷ.

ಕಬಡ್ಡಿ ನೋಡಿದ್ದೀರಲ್ವಾ? ರೈಡರ್ ಒಬ್ಬ ಸಿಕ್ಕಿಬಿದ್ದಾಗ ಏಳೂ ಜನ ಮೇಲೆ ಬಿದ್ದು, ಗೆರೆ ಮುಟ್ಟದಂತೆ ಅದುಮಿ ಹಿಡೀತಾರೆ. ಆ ಒಂದು ಕ್ಷಣವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಲ್ಲಿ ರೈಡರ್ ಕಡೆಯ ಹತ್ತು ಜನ ಅವನನ್ನು ಹಿಂದಿನಿಂದ ದೂಕ್ತಾರೆ, ಮುಂದಿನಿಂದ ಎಳೀತಾರೆ. ಎದುರುಗಡೆ ಹನ್ನೊಂದು ಜನ ಗೋಡೆ ಕಟ್ಟಿರ್ತಾರೆ. ಎರಡು ಗಜ ಸಿಕ್ಕಿತು, ಎದ್ದರು, ಮತ್ತೆ ಅದೇ. ಕಬಡ್ಡಿಯಲ್ಲಿ ಅದು ಕೆಲವೇ ಸೆಕೆಂಡು. ಇಲ್ಲಿ ಎಪ್ಪತ್ತು ನಿಮಿಷ ಪೂರ್ತಿ ಅದೇ ಆಟ. ಹೆಲ್ಮೆಟ್ ಹಾಕೋರು ಅಪರೂಪ. ಒಂದು ಸಲ ಹೊರಗೆ ಹೋದ ಆಟಗಾರ ಆ ಮ್ಯಾಚ್‌ಗೆ ವಾಪಸ್ ಬರೋ ಹಾಗಿಲ್ಲ. ಹಾಗಾಗಿ ಪೆಟ್ಟಾದರೂ ಯಾರೂ ಸುಲಭಕ್ಕೆ ಹೊರಗೆ ಹೋಗ್ತಿರಲಿಲ್ಲ.

ಇಂಥ ಆಟವನ್ನು ಆರು ದಿನದಲ್ಲಿ ಐದು ಸಲ!

[ಮ್ಯಾಪ್: ಸುವಾನಿಯಿಂದ ಆಸ್ಟಿನ್‌ವರೆಗೆ ಗೆರೆ]

ಇದರ ಹಿಂದೆ ಇದ್ದವನು ಲ್ಯೂಕ್ ಲೀ. ವಯಸ್ಸು 20. ಅವನೂ ವಿದ್ಯಾರ್ಥಿಯೇ, ಆಟಗಾರನಲ್ಲ, ತಂಡದ ಮ್ಯಾನೇಜರ್. ಸುವಾನಿಗೆ ಪ್ರತಿವರ್ಷ ಜಾಸ್ತಿ ದುಡ್ಡು ತಂದುಕೊಡ್ತಿದ್ದದ್ದು ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿರುದ್ಧದ ಮ್ಯಾಚ್. ಟಿಕೆಟ್ ಕಲೆಕ್ಷನ್ ಹಂಚಿಕೊಳ್ಳೋ ವಿಷಯದಲ್ಲಿ ಎರಡೂ ಕಡೆಯವರಿಗೆ ಜಗಳ ಆಯ್ತು. ಆ ವರ್ಷ ಮ್ಯಾಚೇ ಇಲ್ಲ ಅಂತಾಯ್ತು. ಆ ದುಡ್ಡನ್ನು ಎಲ್ಲಿಂದ ತರೋದು? ದೂರದ ಊರುಗಳಿಗೆ ಒಂದೇ ಸುತ್ತಿನಲ್ಲಿ ಹೋಗಿ, ಸಾಲಾಗಿ ಮ್ಯಾಚ್ ಆಡಿ, ಟಿಕೆಟ್ ದುಡ್ಡಿನಿಂದ ಖರ್ಚು ತೂಗಿಸಬೇಕು. ಊರಿಂದ ಊರಿಗೆ ರಾತ್ರಿ ರೈಲು. ಅಂದರೆ ನಮ್ಮ ಪ್ರಶ್ನೆಗೆ ಉತ್ತರ ಶೌರ್ಯವೂ ಅಲ್ಲ, ದಾಖಲೆಯ ಆಸೆಯೂ ಅಲ್ಲ. ಲೆಕ್ಕದ ಪುಸ್ತಕ!

ಒಟ್ಟು ಸುಮಾರು 2,500 ಮೈಲಿ, ಅಂದರೆ 4,000 ಕಿಲೋಮೀಟರ್. ಬೆಂಗಳೂರಿಂದ ದೆಹಲಿಗೆ ರೈಲಲ್ಲಿ ಹೋಗಿ ಬರೋದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ.

ಹೊರಟಾಗಲೇ ಒಂದು ಎಡವಟ್ಟು. ಆಟದ ಶೂಗಳೆಲ್ಲ ಸುವಾನಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮೇಲೇ ಉಳಿದುಬಿಟ್ಟಿದ್ದವು. ಟೆಲಿಗ್ರಾಂ ಕೊಟ್ಟು, ಹೇಗೋ ಮ್ಯಾಚ್‌ಗೆ ಮುಂಚೆ ತರಿಸಿಕೊಂಡರು. ಆದರೆ ಮರೆಯದೆ ರೈಲಿಗೆ ಹತ್ತಿಸಿದ ಸಾಮಾನೊಂದಿದೆ. ನನಗೆ ಇಡೀ ಕಥೆಯಲ್ಲಿ ಅದೇ ಇಷ್ಟ.

ನೀರು.

ಸುವಾನಿಯಲ್ಲಿ ಟ್ರೆಮ್ಲೆಟ್ ಅಂತ ಒಂದು ಒರತೆ. ಆ ಒರತೆಯ ನೀರನ್ನು ಎರಡು ಪೀಪಾಯಿ ತುಂಬಿಸಿ ರೈಲಿಗೆ ಹಾಕಿದ್ದರು. ನಾನು ಚಿಕ್ಕವನಿದ್ದಾಗ ದೂರದ ರೈಲು ಪ್ರಯಾಣ ಅಂದರೆ ಅಜ್ಜಿ ಮೊದಲು ತೆಗೆದಿಡ್ತಿದ್ದದ್ದು ಕೂಜಾ. ಬಟ್ಟೆ ಆಮೇಲೆ, ತಿಂಡಿ ಆಮೇಲೆ. "ಊರೂರ ನೀರು ಕುಡೀಬೇಡ, ಹೊಟ್ಟೆ ಕೆಡುತ್ತೆ" ಅನ್ನೋರು. ಈ ಪೀಪಾಯಿ ಕಥೆ ಓದಿದಾಗ ನನಗೆ ಆ ಕೂಜಾನೇ ಕಣ್ಣಿಗೆ ಬಂತು. ಇದು ಸುಮ್ನೆ ಹಳೇಕಾಲದ ನಂಬಿಕೆ ಅಂದುಕೊಳ್ಳಬೇಡಿ. 1899ರಲ್ಲಿ ಅಮೆರಿಕದ ನಗರಗಳಲ್ಲಿ ಟೈಫಾಯ್ಡ್ ಜನರನ್ನು ಕೊಲ್ಲುತ್ತಿತ್ತು. ಅಲ್ಲಿ ಒಂದು ಊರಿನ ನಲ್ಲಿ ನೀರಿಗೆ ಕಾಯಂ ಆಗಿ ಕ್ಲೋರಿನ್ ಹಾಕೋಕೆ ಶುರುವಾಗಿದ್ದೇ 1908ರಲ್ಲಿ, ಜೆರ್ಸಿ ಸಿಟಿಯಲ್ಲಿ. ಈಗ ಈ ತಂಡವನ್ನು ನೆನಪಿಸಿಕೊಳ್ಳಿ. ಬೆಂಚಿನಲ್ಲಿ ಕೂತವರು ಹತ್ತೇ ಜನ. ಯಾವುದೋ ಒಂದು ಊರಲ್ಲಿ ಕುಡಿದ ನೀರಿಂದ ಆರು ಜನರ ಹೊಟ್ಟೆ ಕೆಟ್ಟಿದ್ದರೆ ಮರುದಿನ ಏನಾಗ್ತಿತ್ತು? ನನ್ನ ಮಟ್ಟಿಗೆ, ಆ ಐದು ಗೆಲುವಿನಲ್ಲಿ ಪೀಪಾಯಿಗಳಿಗೂ ಪಾಲಿದೆ.

[ಮ್ಯಾಪ್ ಮೇಲೆ ರೈಲು ಓಡುತ್ತೆ]

ಆಸ್ಟಿನ್. ಕ್ಯಾಪ್ಟನ್ ಹೆನ್ರಿ ಸೀಬಲ್ಸ್ ತಲೆ ಒಡೆದು ರಕ್ತ ಸುರೀತು. ಪಟ್ಟಿ ಹಾಕಿಸಿಕೊಂಡು ಆಟ ಮುಂದುವರಿಸಿದ. ಆವತ್ತಿನ ಎರಡೂ ಟಚ್‌ಡೌನ್ ಅವನದೇ. ಮರುದಿನ ಹ್ಯೂಸ್ಟನ್‌ನಲ್ಲಿ ಕಷ್ಟಪಟ್ಟು 10–0. ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಐನೂರು ಕಿಲೋಮೀಟರ್‌ಗೂ ಜಾಸ್ತಿ, ರಾತ್ರೋರಾತ್ರಿ. ಇಳಿದು ಆಡಿದರು, 23–0. ಇಲ್ಲೇ ನನಗೆ ಅಚ್ಚರಿ. ಮೂರನೇ ದಿನಕ್ಕೆ ಸೋತು ಸುಣ್ಣವಾಗಬೇಕಿದ್ದ ತಂಡದ ಸ್ಕೋರು ಇಳಿಯೋ ಬದಲು ಏರಿದೆ.

ತಂಡದಲ್ಲಿ ವಿಲಿಯಂ ಕ್ಲೇಬೋರ್ನ್ ಅಂತ ಒಬ್ಬ ಇದ್ದ. ಅವನಿಗೆ ಒಂದು ಕಣ್ಣು ಕಾಣ್ತಿರಲಿಲ್ಲ. ಎದುರು ನಿಂತವನಿಗೆ ಆ ಕಣ್ಣು ತೋರಿಸಿ, ಇದು ನಿನ್ನೆ ಮ್ಯಾಚ್‌ನಲ್ಲಿ ಹೋಯ್ತು, ಇವತ್ತು ನಿನ್ನದನ್ನು ತೆಗೀತೀನಿ ಅಂತ ಹೆದರಿಸ್ತಿದ್ದ ಅನ್ನೋ ಕಥೆ ಇದೆ. ಬಾಯಿಂದ ಬಾಯಿಗೆ ಬಂದ ಕಥೆ, ಹಾಗೇ ತಗೊಳ್ಳಿ. ಇದೇ ಕ್ಲೇಬೋರ್ನ್ ಆಮೇಲೆ ಪಾದ್ರಿಯಾದ!

ಭಾನುವಾರ ರಜೆ. ಸೋಮವಾರ ಬ್ಯಾಟನ್ ರೂಜ್, ಮಂಗಳವಾರ ಮೆಂಫಿಸ್. ಮುಗೀತು.

[ಸ್ಕ್ರೀನ್ ಮೇಲೆ: 322–10]

ಸೀಸನ್ ಮಾತ್ರ ಇನ್ನೂ ಬಾಕಿ ಇತ್ತು. ಟೈಮ್ ಕಡಿಮೆ ಇದೆ, ಸ್ವಲ್ಪ ಓಡಿಸ್ತೀನಿ. ಆ ವರ್ಷ ಸುವಾನಿ ಆಡಿದ್ದು 12 ಮ್ಯಾಚ್, ಗೆದ್ದದ್ದು 12. ಗಳಿಸಿದ್ದು 322 ಪಾಯಿಂಟ್, ಕೊಟ್ಟದ್ದು 10. ಆ ಹತ್ತೂ ಒಂದೇ ಮ್ಯಾಚ್‌ನಲ್ಲಿ, ನವೆಂಬರ್ 30ರಂದು ಆಬರ್ನ್ ವಿರುದ್ಧ. ಗೆದ್ದದ್ದು 11–10ರಿಂದ, ಒಂದೇ ಪಾಯಿಂಟ್! ಆಬರ್ನ್ ಕೋಚ್ ಜಾನ್ ಹೈಸ್‌ಮನ್. ಈಗ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಇರೋದು ಅವರ ಹೆಸರಲ್ಲೇ. ಅಂಪೈರ್ ತೀರ್ಪುಗಳು ಸರಿಯಿಲ್ಲ ಅಂತ ಹೈಸ್‌ಮನ್ ಪತ್ರಿಕೆಗೆ ಬರೆದರು. ಎರಡು ದಿನ ಬಿಟ್ಟು ಅಟ್ಲಾಂಟಾದಲ್ಲಿ ನಾರ್ತ್ ಕೆರೊಲಿನಾ ವಿರುದ್ಧ 5–0.

ಇದನ್ನು ಸಾರ್ವಕಾಲಿಕ ಶ್ರೇಷ್ಠ ತಂಡ ಅನ್ನೋರಿದ್ದಾರೆ. ಆ ಮಾತಿಗೆ ನಾನು ಪೂರ್ತಿ ಹೂಂ ಅನ್ನೋದಿಲ್ಲ. ಆಗ ಅಮೆರಿಕದ ದಕ್ಷಿಣ ರಾಜ್ಯಗಳ ಈ ಕಾಲೇಜುಗಳಲ್ಲಿ ಕಪ್ಪು ಹುಡುಗರಿಗೆ ಪ್ರವೇಶವೇ ಇರಲಿಲ್ಲ. ಅರ್ಧ ಊರನ್ನು ಬಾಗಿಲ ಹೊರಗೆ ನಿಲ್ಲಿಸಿ ಆಡಿದ ಆಟ ಅದು. ಆದರೆ ಆ ಹುಡುಗರ ಗಟ್ಟಿತನ? ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಮ್ಯಾನೇಜರ್ ಲೀ ಆಮೇಲೆ ಪತ್ರಿಕೆ ಶುರು ಮಾಡಿದ, ಅಮೆರಿಕದ ಸೆನೆಟರ್ ಆದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ಕೆಲವು ಸೈನಿಕರನ್ನು ಕಟ್ಟಿಕೊಂಡು ಹಾಲೆಂಡ್‌ಗೆ ಹೋಗಿ, ಅಲ್ಲಿ ಅಡಗಿದ್ದ ಜರ್ಮನಿಯ ಮಾಜಿ ಚಕ್ರವರ್ತಿ ಕೈಸರ್‌ನನ್ನೇ ಹಿಡಿದು ತರೋಕೆ ನೋಡಿದ. ಆಗಲಿಲ್ಲ. ಕೈಗೆ ಸಿಕ್ಕಿದ್ದು ಆ ಮನೆಯ ಒಂದು ಆಶ್‌ಟ್ರೇ. ಇದಕ್ಕೇ ಒಂದು ಬೇರೆ ವಿಡಿಯೋ ಮಾಡಬೇಕು, ಮಾಡ್ತೀನಿ.

ಸುವಾನಿ 1930ರ ದಶಕದಲ್ಲಿ ದೊಡ್ಡ ತಂಡಗಳ ಎಸ್‌ಇಸಿ ಕೂಟದ ಸ್ಥಾಪಕ ಸದಸ್ಯನಾಯ್ತು. ಆ ಕೂಟದಲ್ಲಿ 37 ಮ್ಯಾಚ್ ಆಡಿ 37ನ್ನೂ ಸೋತು, 1940ರಲ್ಲಿ ಹೊರಬಂತು.

ಕೊನೆಯದಾಗಿ ಆರ್ಮಂಡ್ ಸಿಮ್ಕಿನ್ಸ್. ಆ ತಂಡದ ಫುಲ್‌ಬ್ಯಾಕ್. ಗುಂಪಿನ ಮಧ್ಯೆ ಚೆಂಡು ಹಿಡಿದು ನುಗ್ಗೋದು ಅವನ ಕೆಲಸ. ತಂಡ ಇಕ್ಕಟ್ಟಿಗೆ ಸಿಕ್ಕಾಗ ಚೆಂಡನ್ನು ದೂರಕ್ಕೆ ಒದ್ದು ಕಾಪಾಡೋದೂ ಅವನದೇ ಕೆಲಸ. ಮೈದಾನದಲ್ಲಿ ಆದ ಗಾಯಗಳು ಅವನನ್ನು ಬಿಡಲಿಲ್ಲ. ಮುಂದೆ ಎರಡೂ ಕಾಲುಗಳನ್ನು ಕತ್ತರಿಸಬೇಕಾಯ್ತು. 1921ರಲ್ಲಿ ತೀರಿಕೊಂಡ.

[ಮೊದಲಿನ ಐದು ಸ್ಕೋರುಗಳು ಮತ್ತೆ ಸ್ಕ್ರೀನ್ ಮೇಲೆ. ಸಂಗೀತ ಬೇಡ.]